ದುಬೈ ಹವಾಮಾನ ಸಮ್ಮೇಳನ: ಒಳಗೆ ಬಿಡೋದು ಯಾರನ್ನ, ಊರು ಸುತ್ತೋದು ಹೇಗೆ?

ಕರಾವಳಿಯವರಿಗೆ ದುಬೈ ದೂರದ ಊರಲ್ಲ. ಮನೆಗೊಬ್ಬರಲ್ಲದಿದ್ದರೂ ವಠಾರಕ್ಕೊಬ್ಬರಾದರೂ ಅಲ್ಲಿ ದುಡಿಯುತ್ತಿದ್ದಾರೆ. ಅದೇ ಊರಲ್ಲಿ 2023ರ ನವೆಂಬರ್ 30ರಂದು ವಿಶ್ವಸಂಸ್ಥೆಯ 28ನೇ ಹವಾಮಾನ ಸಮ್ಮೇಳನ ಶುರುವಾಯಿತು. ಎಲ್ಲರ ಬಾಯಲ್ಲಿ ಇದರ ಹೆಸರು ‘ಕಾಪ್’. ಡಿಸೆಂಬರ್ 12ಕ್ಕೆ ಮುಗಿಯಬೇಕಿದ್ದ ಸಭೆ ಕಲ್ಲಿದ್ದಲು, ಪೆಟ್ರೋಲ್ ಬಗ್ಗೆ ಏನು ಬರೆಯಬೇಕು ಅನ್ನೋ ಜಗ್ಗಾಟದಲ್ಲಿ 13ಕ್ಕೆ ಹೋಯಿತು. ಅಧ್ಯಕ್ಷತೆ ವಹಿಸಿದ್ದವರು ಅಬುಧಾಬಿಯ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥ ಸುಲ್ತಾನ್ ಅಲ್ ಜಾಬರ್ ಅನ್ನೋದನ್ನೂ ನೆನಪಿಡಬೇಕು.

ಸಭೆ ಮೊದಲ ದಿನವೇ ಒಂದು ಕೆಲಸ ಮಾಡಿತು. ಹವಾಮಾನ ಬದಲಾವಣೆಯಿಂದ ನಷ್ಟವಾದ ಬಡ ದೇಶಗಳಿಗೆ ನೆರವು ಕೊಡುವ ನಿಧಿಗೆ ಚಾಲನೆ ಸಿಕ್ಕಿತು. ಯುಎಇ ಮತ್ತು ಜರ್ಮನಿ ತಲಾ 10 ಕೋಟಿ ಡಾಲರ್ ಘೋಷಿಸಿದವು. ಪ್ರತಿ ಮಳೆಗಾಲ ಕಡಲ್ಕೊರೆತ ನೋಡುವ ಉಳ್ಳಾಲ, ಮರವಂತೆಯವರಿಗೆ ಇದು ಕೇಳಬೇಕಾದ ಸುದ್ದಿ. ಆದರೆ ಮನೆ ಕಳಕೊಂಡವರು ನೇರವಾಗಿ ಅರ್ಜಿ ಹಾಕಿ ದುಡ್ಡು ತರುವ ನಿಧಿ ಇದಲ್ಲ. ಅಲ್ಲಿ ಮಾತಾಡೋದು ದೇಶಗಳು. ಹಾಗಾಗಿಯೇ ಒಳಗೆ ಯಾರು ಹೋಗ್ತಾರೆ ಅನ್ನೋ ಪ್ರಶ್ನೆ ಸಣ್ಣದಲ್ಲ.

ಜಾಗ ಎರಡು ಭಾಗವಾಗಿತ್ತು. ‘ಬ್ಲೂ ಝೋನ್’ ವಿಶ್ವಸಂಸ್ಥೆಯ ಕೈಯಲ್ಲಿ. ನಿಜವಾದ ಮಾತುಕತೆ ನಡೆಯೋದು ಇಲ್ಲೇ. ಸರ್ಕಾರದ ಪ್ರತಿನಿಧಿಗಳು, ನೋಂದಾಯಿತ ಪತ್ರಕರ್ತರು, ಮಾನ್ಯತೆ ಪಡೆದ ಸಂಸ್ಥೆಗಳು ಕಳಿಸಿದವರಿಗೆ ಮಾತ್ರ ಬ್ಯಾಡ್ಜ್. ಒಬ್ಬ ಮೀನುಗಾರನೋ ರೈತನೋ ತಾನಾಗಿ ಅರ್ಜಿ ಹಾಕಿದರೆ ಸಿಗಲ್ಲ. ಮಾನ್ಯತೆ ಇರುವ ಸಂಸ್ಥೆಯೊಂದು ತನ್ನ ಪಾಲಿನ ಸೀಟಲ್ಲಿ ಅವರ ಹೆಸರು ಕಳಿಸಬೇಕು. ನೋಂದಣಿಗೆ ವಿಶ್ವಸಂಸ್ಥೆ ಶುಲ್ಕ ತಗೊಳ್ಳಲ್ಲ, ಬ್ಯಾಡ್ಜ್ ಇನ್ನೊಬ್ಬರ ಹೆಸರಿಗೆ ದಾಟಿಸೋದಕ್ಕೂ ಬರಲ್ಲ. ಯಾರಾದರೂ ‘ಬ್ಯಾಡ್ಜ್ ಮಾಡಿಸಿಕೊಡ್ತೇವೆ’ ಅಂತ ದುಡ್ಡು ಕೇಳಿದರೆ ಅಲ್ಲಿಗೇ ಫೋನ್ ಇಡೋದು ಒಳ್ಳೇದು. ಪಕ್ಕದ ‘ಗ್ರೀನ್ ಝೋನ್’ಗೆ ಡಿಸೆಂಬರ್ 3ರಿಂದ ಸಾರ್ವಜನಿಕರನ್ನೂ ಬಿಟ್ಟರು. ಆನ್‌ಲೈನಲ್ಲಿ ಉಚಿತ ಪಾಸ್ ತಗೊಂಡರೆ ಸಾಕಿತ್ತು.

ಸಭೆ ನಡೆದ ಎಕ್ಸ್‌ಪೋ ಸಿಟಿ ಊರಿನ ದಕ್ಷಿಣ ತುದಿಯಲ್ಲಿದೆ. ನಮ್ಮವರು ಹೆಚ್ಚು ಉಳಿಯೋದು ಕರಾಮ, ಬರ್ ದುಬೈ ಕಡೆ. ಮಧ್ಯೆ ಟ್ಯಾಕ್ಸಿ ಹಿಡಿದರೆ ಜೇಬು ಖಾಲಿ. ಮೆಟ್ರೋದ ರೆಡ್ ಲೈನ್ ನೇರವಾಗಿ ಎಕ್ಸ್‌ಪೋ 2020 ನಿಲ್ದಾಣಕ್ಕೆ ಹೋಗುತ್ತದೆ. ಬರ್ ದುಬೈನ ಬರ್ಜುಮಾನ್‌ನಿಂದ ಸುಮಾರು ಒಂದು ಗಂಟೆ. ರೆಡ್ ಲೈನ್‌ನ ಎಲ್ಲ ರೈಲೂ ಅಲ್ಲಿಗೆ ಹೋಗಲ್ಲ, ಫಲಕ ನೋಡಿ ಹತ್ತಬೇಕು. ‘ನೋಲ್’ ಕಾರ್ಡ್ ಕಡ್ಡಾಯ. ಬೆಳ್ಳಿ ಬಣ್ಣದ ಕಾರ್ಡಿಗೆ 25 ದಿರ್ಹಾಂ, ಅದರಲ್ಲಿ 19 ಪ್ರಯಾಣಕ್ಕೇ ಸಿಗುತ್ತದೆ. ದರ ವಲಯದ ಲೆಕ್ಕ: ಒಂದೇ ವಲಯಕ್ಕೆ 3, ಪಕ್ಕದ ವಲಯಕ್ಕೆ 5, ಅದಕ್ಕಿಂತ ದೂರಕ್ಕೆ 7.5 ದಿರ್ಹಾಂ. ಆಗಿನ ದರದಲ್ಲಿ 7.5 ಅಂದರೆ ಸುಮಾರು 170 ರೂಪಾಯಿ. ಹೋಗಿ ಬರೋದಕ್ಕೆ ಅದರ ಎರಡು ಪಟ್ಟು.

ರೈಲಿನೊಳಗೆ ತಿಂದರೆ, ಕುಡಿದರೆ 100 ದಿರ್ಹಾಂ ದಂಡ. ಚೂಯಿಂಗ್ ಗಮ್ ಕೂಡ ಬಾಯಿಗೆ ಹಾಕಬಾರದು. ಮಹಿಳೆಯರ ಬೋಗಿಗೆ ಗೊತ್ತಿಲ್ಲದೆ ಹತ್ತಿದ ಗಂಡಸರಿಗೂ ಅಷ್ಟೇ ದಂಡ. ನೆಲದ ಮೇಲೆ ಗುಲಾಬಿ ಗೆರೆ ಎಳೆದಿರುತ್ತಾರೆ, ನೋಡಿಕೊಂಡರಾಯಿತು. ಭಾನುವಾರ ಬೆಳಗ್ಗೆ ರೈಲು ಸಾಮಾನ್ಯವಾಗಿ 8ಕ್ಕೇ ಶುರು.

ವಿಮಾನ ನಿಲ್ದಾಣದ ವಿಷಯದಲ್ಲಿ ಬಹಳ ಜನ ಎಡವೋದು ಇಲ್ಲಿ: 1 ಮತ್ತು 3ನೇ ಟರ್ಮಿನಲ್‌ಗಳಲ್ಲಿ ಬಾಗಿಲಿಗೇ ಮೆಟ್ರೋ ಇದೆ, 2ರಲ್ಲಿ ಇಲ್ಲ. ಟಿಕೆಟಲ್ಲಿ 2 ಅಂತಿದ್ದರೆ ಬಸ್ಸೋ ಟ್ಯಾಕ್ಸಿಯೋ ಲೆಕ್ಕ ಹಾಕಿಕೊಳ್ಳಬೇಕು.

ಡಿಸೆಂಬರಲ್ಲಿ ಹೊರಗೆ ಹಿತವಾದ ಹವೆ, ಸಭಾಂಗಣದೊಳಗೆ ಎಸಿ ಚಳಿ. ಹವಾಮಾನ ಉಳಿಸೋ ಸಭೆಗೆ ಸ್ವೆಟರ್ ಒಯ್ಯಬೇಕು! ಜಾಗ ದೊಡ್ಡದು, 80 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು, ನಡಿಗೆ ತಪ್ಪಲ್ಲ. ಸಂಜೆ ಬಿಡುವಾದರೆ ಬರ್ ದುಬೈನಿಂದ ದೇರಾಕ್ಕೆ ‘ಅಬ್ರಾ’ ದೋಣಿ ಇದೆ. ಕಡವು ದಾಟೋದಕ್ಕೆ ಒಂದೇ ದಿರ್ಹಾಂ, ಚಿಲ್ಲರೆ ಕೈಯಲ್ಲಿಟ್ಟುಕೊಂಡು ಹತ್ತಬೇಕು.