ಗ್ಲೂಕೋಸ್ ಎಂಬ ಶಕ್ತಿಯ ಕತೆ

ನಮ್ಮ ಕಡೆ ಗ್ಲೂಕೋಸ್ ಅಂದರೆ ಮೂರು ವಸ್ತು. ಬೇಸಿಗೆಯಲ್ಲಿ ನೀರಿಗೆ ಕದಡುವ ಪುಡಿ, ಚಹಾಕ್ಕೆ ಅದ್ದುವ ಬಿಸ್ಕತ್ತು, ಆಸ್ಪತ್ರೆಯಲ್ಲಿ ನೇತುಹಾಕುವ ಬಾಟಲಿ. ‘ಬಾಳ ಸುಸ್ತು ಸಾರ್, ಒಂದು ಗ್ಲೂಕೋಸ್ ಹಾಕಿಬಿಡಿ’ ಅನ್ನುವವರನ್ನು ನೀವೂ ನೋಡಿರುತ್ತೀರಿ. ಶೇ 5ರ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಒಂದು ದೊಡ್ಡ ಬಾಳೆಹಣ್ಣು ಕೊಡುವಷ್ಟು ಶಕ್ತಿ, ಅಷ್ಟೇ. ಹಾಗಾದರೆ ಇಷ್ಟು ದೊಡ್ಡ ಹೆಸರು ಅದಕ್ಕೆ ಬಂದದ್ದು ಹೇಗೆ?

1924ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಡಿದವರ ರಕ್ತವನ್ನು ಸ್ಯಾಮ್ಯುಯೆಲ್ ಲೆವಿನ್ ಮತ್ತು ಜೊತೆಯ ವೈದ್ಯರು ಪರೀಕ್ಷಿಸಿದರು. ಓಟದ ಕೊನೆಗೆ ತೀರಾ ಬಳಲಿದವರ ರಕ್ತದಲ್ಲಿ ಸಕ್ಕರೆ ಬಹಳ ಇಳಿದಿತ್ತು. ಮರುವರ್ಷ ಓಟದ ನಡುವೆ ಮಿಠಾಯಿ ತಿನ್ನಿಸಿದರು. ಓಟಗಾರರು ಗಟ್ಟಿಯಾಗಿಯೇ ಗುರಿ ಮುಟ್ಟಿದರು. ಬಿಸಿಲಲ್ಲಿ ಬಂದವರ ಕೈಗೆ ಬೆಲ್ಲ, ನೀರು ಕೊಡುವ ನಮ್ಮ ಅಜ್ಜಿಯರಿಗೆ ಇದೇನು ಹೊಸ ವಿಷಯವಲ್ಲ, ಆದರೆ ಅಳೆದು ತೋರಿಸಿದವರು ಇವರು.

1927ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಒಬ್ಬ ಔಷಧಿ ಅಂಗಡಿಯವ, ಊಟ ಸೇರದ ರೋಗಿಗಳಿಗೆಂದು ಗ್ಲೂಕೋಸ್ ಪಾನೀಯ ತಯಾರಿಸಿದ. ಎರಡು ವರ್ಷದಲ್ಲಿ ಅದರ ಹೆಸರು ಲೂಕೋಝೇಡ್ ಆಯಿತು. ದಶಕಗಳ ಕಾಲ ಅದು ಕಾಯಿಲೆಯವರ ಮಂಚದ ಪಕ್ಕದ ಬಾಟಲಿ. 1980ರ ದಶಕದಲ್ಲಿ ಕಂಪನಿ ಒಲಿಂಪಿಕ್ ಚಾಂಪಿಯನ್ ಡೇಲಿ ಥಾಂಪ್ಸನ್‌ರನ್ನು ಜಾಹೀರಾತಿಗೆ ಕರೆತಂದಿತು. ರೋಗಿಯ ಪಾನೀಯ ಹೀಗೆ ಆಟಗಾರನ ಪಾನೀಯವಾಯಿತು. ಕಾಯಿಲೆಯವರಿಗಿಂತ ಆರೋಗ್ಯವಂತರೇ ಹೆಚ್ಚಲ್ಲವೇ, ಲೆಕ್ಕ ಸರಿಯಾಗೇ ಇತ್ತು.

ಗ್ಲೂಕೋಸ್ ನಿಜವಾಗಿ ಲಕ್ಷಾಂತರ ಜೀವ ಉಳಿಸಿದ್ದು ಬೇರೆ ಕೆಲಸದಿಂದ. 1971ರ ಬಾಂಗ್ಲಾ ಯುದ್ಧ. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ. ರೋಗಿಗಳು ಆಸ್ಪತ್ರೆಯ ನೆಲದ ಮೇಲೆಲ್ಲಾ ಮಲಗಿದ್ದರು, ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದಿದ್ದವು. ಡಾ. ದಿಲೀಪ್ ಮಹಾಲನಬಿಸ್ ಒಂದು ದಾರಿ ಹಿಡಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಅದನ್ನು ಡ್ರಮ್ಮುಗಳಲ್ಲಿ ತುಂಬಿ, ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಇಲ್ಲಿ ಗ್ಲೂಕೋಸ್ ಮಾಡಿದ್ದು ಶಕ್ತಿ ಕೊಡುವ ಕೆಲಸವಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಯಾಗಿ ಒಳಹೋಗುವ ಬಾಗಿಲಿದೆ. ಅವುಗಳ ಹಿಂದೆ ನೀರೂ ಒಳಹೋಗುತ್ತದೆ. ಉಪ್ಪಿಲ್ಲದೆ ಬರೀ ಸಿಹಿ ಕುಡಿಸಿದರೆ ಈ ಕೆಲಸ ಆಗುವುದಿಲ್ಲ. ಸಿಹಿ ಅತಿಯಾದರಂತೂ ಅದೇ ದೇಹದ ನೀರನ್ನು ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ.

ಮಗುವಿಗೆ ಭೇದಿಯಾದಾಗ ಕಿರಾಣಿ ಅಂಗಡಿಯ ಗ್ಲೂಕೋಸ್ ಪುಡಿ, ಜ್ಯೂಸ್ ಡಬ್ಬಿ ತಂದು ಕುಡಿಸುವುದು ಈಗಲೂ ನಿಂತಿಲ್ಲ. ಸಾಲದ್ದಕ್ಕೆ ಸಕ್ಕರೆ ತುಂಬಿದ ಪಾನೀಯಗಳೇ ಓಆರ್‌ಎಸ್ ಹೆಸರಲ್ಲಿ ಮಾರಾಟವಾಗುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸುವಂತಿಲ್ಲ ಎಂದು ಆದೇಶಿಸಿತು.

ಈಗಿನ ಅಸಲಿ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಕುಡಿದರೆ ಸಿಹಿಗಿಂತ ಕಣ್ಣೀರಿನ ರುಚಿ. ಆಶಾ ಕಾರ್ಯಕರ್ತೆಯರು ಉಚಿತವಾಗಿ ಕೊಡುವ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಹಾಕಬೇಕು. ಮೇಲೆ ಸಕ್ಕರೆ ಸೇರಿಸುವಂತಿಲ್ಲ.