ಏಳಕ್ಕೆ ಆರು

ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದರೆ ಪರದೇಶ ಸೇರಿದಂತಾಗುತ್ತಿದ್ದ ಕಾಲವೊಂದಿತ್ತೆಂದರೆ ಓದುಗರು ನಗಬಹುದು. ಈಗ ವಿಜಯನಗರ ಜಿಲ್ಲೆಯಲ್ಲಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಹೊಳೆಯಾಚೆಯ ಕೊಪ್ಪಳ ಸೀಮೆ ನಿಜಾಮರದು. ಎರಡೂ ಕಡೆಯವರ ಮಾತು ಒಂದೇ, ಕೊಡುಕೊಳೆಯೂ ಉಂಟು. ರೂಪಾಯಿ ಮಾತ್ರ ಬೇರೆ. ಆಚೆಯದು ಚಾರ್‌ಮಿನಾರಿನ ಚಿತ್ರವುಳ್ಳ ಹಾಲಿ ಸಿಕ್ಕಾ, ಈಚೆಯದು ಕಲ್ದಾರ. ಏಳು ಸಿಕ್ಕಾ ಕೊಟ್ಟರೆ ಆರು ಕಲ್ದಾರ.

1947ರ ಆಗಸ್ಟ್ 15ರ ತರುವಾಯವೂ ನಿಜಾಮರು ಭಾರತವನ್ನು ಸೇರಲೊಪ್ಪಲಿಲ್ಲ. ನವೆಂಬರಿನಲ್ಲಿ ಯಥಾಸ್ಥಿತಿ ಒಪ್ಪಂದವೇನೋ ಆಯಿತು. ಆದರೆ ಅದರ ಬೆನ್ನಿಗೇ ಸಂಸ್ಥಾನದಲ್ಲಿ ಭಾರತದ ನಾಣ್ಯ ನಡೆಯಕೂಡದೆಂದೂ, ಬೆಳ್ಳಿಬಂಗಾರ ಗಡಿ ದಾಟಕೂಡದೆಂದೂ ಕಟ್ಟಳೆಗಳು ಹೊರಟವು. ರಜಾಕಾರರ ಹಾವಳಿಗೆ ಅಂಜಿ ಜನ ಮನೆಮಾರು ಬಿಟ್ಟರು. ಮುಂಡರಗಿ, ಗಜೇಂದ್ರಗಡಗಳ ಶಿಬಿರಗಳ ಸಾಹಸವನ್ನು ಚರಿತ್ರಕಾರರು ಬರೆದಿದ್ದಾರೆ. ಓಡಿಬಂದವರ ಒಲೆಯ ಲೆಕ್ಕವನ್ನು ನಾನು ಕೇಳಿದ್ದು ನನ್ನ ಅಜ್ಜಿಯ ಬಾಯಿಂದ.

1948ರ ಮೊದಲಲ್ಲಿ ಅಜ್ಜ, ಅಜ್ಜಿ, ಎರಡು ಮಕ್ಕಳು ಹಗರಿಬೊಮ್ಮನಹಳ್ಳಿಯ ಸೋದರಮಾವನ ಮನೆಗೆ ಬಂದಿಳಿದರು. ಕೈಯಲ್ಲಿ 280 ಸಿಕ್ಕಾ. ಕೌದಿಯೊಳಗೆ ಹೊಲಿದ ಒಂದು ಬೋರಮಾಳ. ಕರೋಡಗಿರಿ ನಾಕಾದವನು ಕೌದಿಯನ್ನು ಮುಟ್ಟಿ ನೋಡಿದನಂತೆ, ಮೇಲೆ ಕೂಸು ಮಲಗಿದ್ದರಿಂದ ಬಿಟ್ಟನಂತೆ. ಲೆಕ್ಕದಂತೆ 240 ಕಲ್ದಾರ ಬರಬೇಕಿತ್ತು. ಬಂದವರ ಅವಸರ ಬಲ್ಲ ಸಾಹುಕಾರನು ಎಂಟಕ್ಕೆ ಆರರಂತೆ 210 ಎಣಿಸಿದ. “ಮೂವತ್ತು ರೂಪಾಯಿ ಹೊಳಿಗೆ ಬಿತ್ತು” ಎಂದು ಅಜ್ಜಿ ಕಡೆಯವರೆಗೂ ಅನ್ನುತ್ತಿದ್ದಳು.

ಅದೇ ಹೊತ್ತಿಗೆ ಭಾರತದಲ್ಲಿ ಧಾನ್ಯದ ಕಂಟ್ರೋಲು ಸಡಿಲಿಸಿದ್ದರು, ಧಾರಣೆ ಏರುತ್ತಿತ್ತು. ಅಜ್ಜಿ ಪ್ರತಿಯೊಂದು ಬೆಲೆಯನ್ನೂ ಸಿಕ್ಕಾಕ್ಕೆ ತಿರುಗಿಸಿ, ಊರಿನ ಬೆಲೆಗೆ ಹೋಲಿಸಿ, ಕೊಳ್ಳದೆ ಮರಳುತ್ತಿದ್ದಳು. ಪರದೇಶಕ್ಕೆ ಹೋದವರಿಗೆಲ್ಲ ಹತ್ತುವ ರೋಗವಿದು. ಅಮೆರಿಕದಲ್ಲಿರುವ ನನ್ನ ಅಳಿಯ ಇಂದಿಗೂ ಕಾಫಿ ಕುಡಿಯುವಾಗ ಡಾಲರನ್ನು ಗುಣಿಸುತ್ತಾನೆ. ಸೋದರಮಾವನ ಹೆಂಡತಿ ಅದನ್ನು ಬಿಡಿಸಿದಳು: “ಯವ್ವಾ, ಆ ಲೆಕ್ಕ ಬಿಡು. ಇಲ್ಲಿ ದುಡದದ್ದಕ್ಕ ಇಲ್ಲೀ ಧಾರಣಿ ಹಿಡದು ನೋಡು.”

ಸುಗ್ಗಿಯಲ್ಲಿ ವರ್ಷದ ಜೋಳವನ್ನು ಒಮ್ಮೆಗೇ ಕೊಂಡು ಮಾವನ ಹಗೇವಿನಲ್ಲಿ ತುಂಬಿದರು. ಸಂತೆಯಲ್ಲಿ ಸೇರಿನ ಲೆಕ್ಕದಲ್ಲಿ ಕೊಂಡಿದ್ದರೆ ಶ್ರಾವಣದೊಳಗೆ ಗಂಟು ಕರಗುತ್ತಿತ್ತು. ಹೆಂಗಸರೊಡನೆ ಶೇಂಗಾ ಸುಲಿದು ತಂದ ಕೂಲಿಯಲ್ಲಿ ಉಪ್ಪು, ಎಣ್ಣೆ. ಅಜ್ಜನಿಗೆ ಬೋರಮಾಳ ಮಾರಿ ಕೊಟ್ಟೂರಿನಲ್ಲಿ ಅಂಗಡಿ ಹಾಕುವ ಆಸೆ. ಅಜ್ಜಿ ಒಪ್ಪಲಿಲ್ಲ. ಗಂಡಹೆಂಡಿರು ಎರಡು ತಿಂಗಳು ಮಾತಾಡಲಿಲ್ಲವಂತೆ! ತಪ್ಪು ಯಾರದೆಂದು ನಾನು ಹೇಳಲಾರೆ. ಕೊಟ್ಟೂರಿನ ಪೇಟೆಯಲ್ಲಿ ಅಂಗಡಿ ಹಾಕಿ ಮೇಲೆ ಬಂದವರೂ ಉಂಟು.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಹೊಕ್ಕಿತು, 17ಕ್ಕೆ ನಿಜಾಮರು ಶರಣಾದರು. ಊರಿಗೆ ಮರಳುವ ಮುನ್ನ ಅಜ್ಜಿ ತಾನೇ ಬೋರಮಾಳವನ್ನು ಬಿಚ್ಚಿ ಹೊಸಪೇಟೆಯಲ್ಲಿ ಕಲ್ದಾರಕ್ಕೆ ಮಾರಿಸಿದಳು. ಬಿತ್ತದ ಹೊಲ, ಬರಿದಾದ ಕೊಟ್ಟಿಗೆ, ಎತ್ತು ಬೇಕಿತ್ತು. ಎತ್ತಿನ ವ್ಯಾಪಾರಿ ಬೆಲೆಯನ್ನು ಸಿಕ್ಕಾದಲ್ಲಿ ಹೇಳಿದ. ಅಜ್ಜಿ ಬಾಗಿಲ ಮರೆಯಿಂದಲೇ ಏಳಕ್ಕೆ ಆರರಂತೆ ಲೆಕ್ಕ ಹಾಕಿ, ಒಂದು ಕಾಸೂ ಬಿಡದೆ ಕಲ್ದಾರ ಎಣಿಸಿ ಕಳಿಸಿದಳು.