ದ್ವಾರಕಾದ ನೀರು ಮತ್ತು ಸಸ್ಯ ಅಕ್ವೇರಿಯಂನ ರಸಾಯನ

ಸಸ್ಯ ಬೆಳೆಸಿದ ಸಿಹಿನೀರಿನ ಅಕ್ವೇರಿಯಂನಲ್ಲಿ ಪಿಎಚ್, ಗಡಸುತನ, ಇಂಗಾಲದ ಡೈಆಕ್ಸೈಡ್ ಇವು ಬಿಡಿಬಿಡಿ ಅಂಶಗಳಲ್ಲ. ಇವನ್ನು ಒಂದಕ್ಕೊಂದು ಕಟ್ಟಿಹಾಕುವುದು ನೀರಿನಲ್ಲಿ ಕರಗಿದ ಬೈಕಾರ್ಬನೇಟ್. ದೆಹಲಿಯ ನೈಋತ್ಯ ಭಾಗದ ಉಪನಗರ ದ್ವಾರಕಾದಲ್ಲಿ ಇದು ಚೆನ್ನಾಗಿ ಕಾಣಸಿಗುತ್ತದೆ, ಏಕೆಂದರೆ ಅಲ್ಲಿ ಒಂದೇ ಫ್ಲ್ಯಾಟಿಗೆ ಮೂರು ಬಗೆಯ ನೀರು ಬರಬಹುದು. ದೆಹಲಿ ಜಲ ಮಂಡಳಿಯ ನಲ್ಲಿನೀರು ಹರಿಯಾಣದ ಮುನಕ್ ಕಾಲುವೆಯ ಮೂಲಕ ಬಂದ ಯಮುನೆಯ ನೀರು. ದ್ವಾರಕಾದ ಘಟಕದಲ್ಲಿ ಶುದ್ಧವಾಗಿ ಮನೆ ಸೇರುತ್ತದೆ. ಕೊಳವೆಬಾವಿ ಅಥವಾ ಟ್ಯಾಂಕರಿನದು ಅಂತರ್ಜಲ. ನಜಫ್‌ಗಢ ಸೀಮೆಯಲ್ಲಿ ಇದು ಆಳಕ್ಕಿಳಿದಷ್ಟೂ ಉಪ್ಪುಪ್ಪಾಗುತ್ತದೆ. ಮೂರನೆಯದು ಅಡುಗೆಮನೆಯ ಯಂತ್ರ ಲವಣ ಸೋಸಿ ಕೊಡುವ ಆರ್‌ಓ ನೀರು.

ಹವ್ಯಾಸಿಗಳು ಸಾಮಾನ್ಯವಾಗಿ ನೆಚ್ಚುವುದು ಟಿಡಿಎಸ್ ಮೀಟರನ್ನು. ಅದು ಅಳೆಯುವುದು ವಿದ್ಯುತ್ ವಾಹಕತೆಯನ್ನು. ಲವಣ ಎಷ್ಟಿದೆ ಎಂದು ಅಂದಾಜಿಸುತ್ತದೆ, ಯಾವುದು ಎಂದು ಹೇಳಲಾರದು. 900 ತೋರಿಸುವ ಎರಡು ಮಾದರಿಗಳಲ್ಲಿ ಒಂದರಲ್ಲಿ ಕ್ಯಾಲ್ಸಿಯಂ ಹೆಚ್ಚಿರಬಹುದು, ಇನ್ನೊಂದರಲ್ಲಿ ಅಡುಗೆ ಉಪ್ಪಿನ ಸೋಡಿಯಂ. ಮೊದಲನೆಯದರಲ್ಲಿ ವ್ಯಾಲಿಸ್ನೇರಿಯಾ ಹುಲುಸಾಗಿ ಬೆಳೆದೀತು, ಎರಡನೆಯದರಲ್ಲಿ ಬಹುತೇಕ ಸಸ್ಯಗಳು ಸೊರಗುತ್ತವೆ. ಆದ್ದರಿಂದ ಹನಿ ಹನಿ ಹಾಕಿ ಅಳೆಯುವ ಜಿಎಚ್ ಮತ್ತು ಕೆಎಚ್ ಕಿಟ್‌ಗಳೇ ಮೇಲು. ಜಿಎಚ್ ಎಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಒಟ್ಟು. ಕೆಎಚ್ ಎಂದರೆ ಬೈಕಾರ್ಬನೇಟಿನ ಕ್ಷಾರತೆ. ಎರಡರಲ್ಲೂ ಒಂದು ಡಿಗ್ರಿ ಲೀಟರಿಗೆ 17.85 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬನೇಟಿಗೆ ಸಮ. ಭಾರತೀಯ ಮಾನಕ ಐಎಸ್ 10500:2012 ಕುಡಿಯುವ ನೀರಿನಲ್ಲಿ ಬಯಸುವ 200 ಮಿ.ಗ್ರಾಂ ಗಡಸುತನದ ಮಿತಿ ಸುಮಾರು 11 ಡಿಗ್ರಿ ಆಗುತ್ತದೆ. ಕೆಎಚ್ ಅಂಕಿ ಜಿಎಚ್‌ಗಿಂತ ಮೇಲಿದ್ದರೆ ನೀರಿನಲ್ಲಿ ಸೋಡಿಯಂ ಬೈಕಾರ್ಬನೇಟ್ ಇದೆ ಎಂದೇ ತಿಳಿಯಬೇಕು.

ಕೆಎಚ್ ಮತ್ತು ಪಿಎಚ್ ಗೊತ್ತಿದ್ದರೆ ಕರಗಿದ ಇಂಗಾಲದ ಡೈಆಕ್ಸೈಡನ್ನು ಅಂದಾಜಿಸಬಹುದು: ಕೆಎಚ್ ಡಿಗ್ರಿಯನ್ನು ಮೂರರಿಂದ ಗುಣಿಸಿ, ಮತ್ತೆ ಹತ್ತರ (7 – ಪಿಎಚ್) ಘಾತದಿಂದ ಗುಣಿಸಿದರೆ ಲೀಟರಿಗೆ ಮಿ.ಗ್ರಾಂ ಬರುತ್ತದೆ. ಕ್ಷಾರತೆಯೆಲ್ಲ ಬೈಕಾರ್ಬನೇಟಿನದೇ ಆಗಿದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಕೆಎಚ್ 4 ಇರುವ ನೀರನ್ನು ಆ ಅನಿಲ ಹಾಯಿಸಿ ಪಿಎಚ್ 6.8ಕ್ಕೆ ಇಳಿಸಿದರೆ ಸುಮಾರು 19 ಮಿ.ಗ್ರಾಂ ಸಿಗುತ್ತದೆ, ಸಸ್ಯಕ್ಕೂ ಮೀನಿಗೂ ಹಿತ. ಕೆಎಚ್ 14ರ ಕೊಳವೆಬಾವಿ ನೀರನ್ನು ಅದೇ 6.8ಕ್ಕೆ ಎಳೆದರೆ 66 ಮಿ.ಗ್ರಾಂ ದಾಟುತ್ತದೆ, ಮೀನು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತದೆ. ಪುಸ್ತಕದ ಪಿಎಚ್ ಅಂಕಿಯನ್ನು ಕೆಎಚ್ ನೋಡದೆ ಪಾಲಿಸುವುದು ಈ ಊರಿನ ನೀರಿನಲ್ಲಿ ಅಪಾಯಕಾರಿ.

ಹೊರಗಿನಿಂದ ಅನಿಲ ಕೊಡದಿದ್ದರೆ ಗಡಸು ನೀರು ತನ್ನ ಸಸ್ಯಗಳನ್ನು ತಾನೇ ಆರಿಸಿಕೊಳ್ಳುತ್ತದೆ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾಗಳು ಬೈಕಾರ್ಬನೇಟಿನಿಂದಲೇ ಇಂಗಾಲ ಹೀರಬಲ್ಲವು. ಆಗ ಎಲೆಯ ಬಳಿ ಪಿಎಚ್ ಏರಿ, ಕ್ಯಾಲ್ಸಿಯಂ ಕಾರ್ಬನೇಟ್ ಹೊರಬೀಳುತ್ತದೆ. ಎಲೆಯನ್ನು ಬೆರಳಿನಲ್ಲಿ ಉಜ್ಜಿದರೆ ಮರಳಿನಂತೆ ತರಿತರಿಯಾಗುವ ಬಿಳಿ ಪೊರೆ ಅದೇ. ಹಲವರು ಇದನ್ನು ರೋಗವೆಂದು ಔಷಧಿ ಹಾಕುತ್ತಾರೆ. ಇಂಗಾಲದ ಡೈಆಕ್ಸೈಡನ್ನೇ ನೆಚ್ಚಿಕೊಂಡ ಹಾವಸೆಗಿಡಗಳಿಗೆ (ಮಾಸ್) ಇಲ್ಲಿ ದಾರಿ ಕಷ್ಟ. ಕಬ್ಬಿಣದ್ದೂ ಅದೇ ಕತೆ. ಪಿಎಚ್ ಏಳು ದಾಟಿದರೆ ಇಡಿಟಿಎ ಎಂಬ ಬಂಧಕದ ಜತೆ ಕೂಡಿಸಿದ ಕಬ್ಬಿಣ ಉಳಿಯುವುದಿಲ್ಲ, ಹೊಸ ಎಲೆಗಳು ಹಳದಿಯಾಗುತ್ತವೆ. ಡಿಟಿಪಿಎ ಎಂಬ ಇನ್ನೊಂದು ಬಂಧಕದ ರೂಪ ಸ್ವಲ್ಪ ಹೆಚ್ಚು ತಾಳುತ್ತದೆ.

ಪರಿಹಾರ ಬೆರೆಸುವುದರಲ್ಲಿದೆ. ಕೆಎಚ್ 16ರ ನೀರು ಒಂದು ಪಾಲು, ಆರ್‌ಓ ನೀರು ಮೂರು ಪಾಲು ಸೇರಿಸಿದರೆ ಸುಮಾರು ನಾಲ್ಕು ಡಿಗ್ರಿ. ಬರೀ ಆರ್‌ಓ ನೀರಿನಲ್ಲಿ ಪಿಎಚ್ ಹಿಡಿದಿಡುವ ಬೈಕಾರ್ಬನೇಟೇ ಇರದು. ಜಿಪ್ಸಮ್, ಎಪ್ಸಮ್ ಲವಣ ಸೇರಿಸಿದರೆ ಜಿಎಚ್ ಏರುತ್ತದೆಯೇ ಹೊರತು ಕೆಎಚ್ ಅಲ್ಲ. ಆರ್‌ಓ ಯಂತ್ರದ ತಿರಸ್ಕೃತ ನೀರಿನಲ್ಲಿ ಲವಣ ಮತ್ತಷ್ಟು ಗಟ್ಟಿಯಾಗಿರುತ್ತದೆ. ಅದು ನೆಲ ಒರೆಸಲು ಆದೀತು, ತೊಟ್ಟಿಗೆ ಬೇಡ. ಗಡಸು ತೆಗೆಯುವ ಸಾಫ್ಟನರ್ ಯಂತ್ರ ಕ್ಯಾಲ್ಸಿಯಂ ಕಿತ್ತು ಸೋಡಿಯಂ ತುಂಬುತ್ತದೆ, ಬೈಕಾರ್ಬನೇಟನ್ನು ಹಾಗೆಯೇ ಬಿಡುತ್ತದೆ. ಸಸ್ಯಗಳಿಗೆ ಅದು ಲಾಭವಲ್ಲ, ನಷ್ಟ.

ನಲ್ಲಿನೀರಿನ ತೊಡಕು ಬೇರೆ. ಚಳಿಗಾಲದಲ್ಲಿ ಯಮುನೆಯಲ್ಲಿ ಅಮೋನಿಯಾ ಏರಿ ದೆಹಲಿಯ ಶುದ್ಧೀಕರಣ ಘಟಕಗಳು ಪರದಾಡುವುದು ಪದೇ ಪದೇ ಸುದ್ದಿಯಾಗುತ್ತದೆ. ಅಮೋನಿಯಾ ಇದ್ದ ನೀರಿಗೆ ಕ್ಲೋರಿನ್ ಬೆರೆತರೆ ಕ್ಲೋರಮೈನ್ ಹುಟ್ಟುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗಬಹುದು, ಕ್ಲೋರಮೈನ್ ಅಷ್ಟು ಸುಲಭವಾಗಿ ಹೋಗದು. ಸೋಡಿಯಂ ಥಯೋಸಲ್ಫೇಟ್ ಅದನ್ನು ಒಡೆದರೂ ಅಮೋನಿಯಾ ಹಿಂದೆ ಉಳಿಯುತ್ತದೆ. ಅದರ ವಿಷವೂ ಪಿಎಚ್ ಮೇಲೇ ನಿಂತಿದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ಶೇ. 0.6ರಷ್ಟು ವಿಷಕಾರಿ ರೂಪದಲ್ಲಿದ್ದರೆ, ಪಿಎಚ್ 8ರಲ್ಲಿ ಅದು ಶೇ. 5 ಮೀರುತ್ತದೆ. ಬೇಸಿಗೆಯ ಬಿಸಿ ಈ ಪಾಲನ್ನು ಇನ್ನೂ ಏರಿಸುತ್ತದೆ, ಕರಗಿದ ಆಮ್ಲಜನಕವನ್ನು ಮಾತ್ರ ಇಳಿಸುತ್ತದೆ. ಹಳೆಯ ತೊಟ್ಟಿಯಲ್ಲಿ ನೈಟ್ರೀಕರಣದ ಬ್ಯಾಕ್ಟೀರಿಯಾ ಮತ್ತು ಸಸ್ಯಗಳು ಅಮೋನಿಯಾವನ್ನು ಬೇಗ ಹೀರಿಬಿಡುತ್ತವೆ. ಹೊಸ ತೊಟ್ಟಿಗೆ ಆ ರಕ್ಷಣೆಯಿಲ್ಲ.

ದ್ವಾರಕಾದಲ್ಲಿ ಇಂದಿನ ನೀರು ಕಾಲುವೆಯದಾಗಿ, ಮುಂದಿನ ವಾರದ್ದು ಟ್ಯಾಂಕರಿನದಾಗಿರಬಹುದು. ಹಾಗಾಗಿ ತೊಟ್ಟಿಗೆ ನೀರು ಸುರಿಯುವ ಮುನ್ನ ಪ್ರತಿ ಬಾರಿಯೂ ಕೆಎಚ್ ಅಳೆಯಬೇಕು.